ಟಿಕೆಟ್ ದರ ಏರಿಸಿದರೆ ಕ್ಲಬ್‌ನ ನಷ್ಟ ತುಂಬುತ್ತಾ?
(ಫುಟ್‌ಬಾಲ್ ಅಭಿಮಾನಿಗಳ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಕೊನೇ ಸಾಲು:
2024ರ ನವೆಂಬರ್‌ನಲ್ಲಿ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಯುನೈಟೆಡ್ ಸೀಸನ್ ನಡುವೆಯೇ ಸದಸ್ಯರ ಟಿಕೆಟ್ ದರವನ್ನು 66 ಪೌಂಡ್‌ಗೆ ಏರಿಸಿತು. ಮಕ್ಕಳಿಗೂ ಅಷ್ಟೇ, ನಿವೃತ್ತರಿಗೂ ಅಷ್ಟೇ, ರಿಯಾಯಿತಿ ಇಲ್ಲ. ಅದಕ್ಕೆ ಮೊದಲು ದೊಡ್ಡವರ ಟಿಕೆಟ್ 40 ಪೌಂಡ್‌ನಿಂದ, ಮಕ್ಕಳದ್ದು 25ರಿಂದ ಶುರುವಾಗುತ್ತಿತ್ತು. ಕ್ಲಬ್ ನಷ್ಟದಲ್ಲಿದೆ, ಏನು ಮಾಡೋದು ಅನ್ನೋದು ಆಡಳಿತದ ವಾದ. ನಾನು ಕೇಳುವುದು ಇಷ್ಟೇ. ಒಂದು ಮಗುವಿನ ಸೀಟಿಗೆ 41 ಪೌಂಡ್ ಜಾಸ್ತಿ ಮಾಡಿದರೆ ಅಷ್ಟು ದೊಡ್ಡ ಕ್ಲಬ್‌ನ ನಷ್ಟ ತುಂಬುತ್ತಾ? ಅಥವಾ ಹತ್ತಿರದಲ್ಲಿ ಸಿಕ್ಕವರ ಜೇಬಿಗೆ ಕೈ ಹಾಕಿದರಾ?

ಆಫ್‌ಸೈಡ್:
ಪ್ರತಿ ಸಲ ಇದೇ ರಾಗ. ಹೊಸ ಸ್ಟ್ರೈಕರ್ ಬೇಕು, ಹೊಸ ಮಿಡ್‌ಫೀಲ್ಡರ್ ಬೇಕು, ಸ್ಟೇಡಿಯಂ ಚಾವಣಿ ಸೋರಬಾರದು. ಟಿಕೆಟ್ ಮಾತ್ರ ಹಳೇ ರೇಟಿಗೇ ಸಿಗಬೇಕು. ಯುನೈಟೆಡ್ ಟಿಕೆಟ್ ಲಂಡನ್‌ನ ಸಣ್ಣ ಕ್ಲಬ್ ಫುಲ್‌ಹ್ಯಾಮ್‌ನ ಟಿಕೆಟ್‌ಗಿಂತ ಅಗ್ಗವಾಗಿರುವುದರಲ್ಲಿ ಅರ್ಥವಿಲ್ಲ ಅಂತ ಕ್ಲಬ್‌ನ ಸಹಮಾಲೀಕ ಜಿಮ್ ರಾಟ್‌ಕ್ಲಿಫ್ ಹೇಳಿದಾಗ ಎಲ್ಲರೂ ಮುಗಿಬಿದ್ದರು. ಆದರೆ ವ್ಯಾಪಾರದ ಕಣ್ಣಿಂದ ನೋಡಿದರೆ ತಪ್ಪೇನಿದೆ? ಸೀಟು ಖಾಲಿ ಉಳಿಯಲ್ಲ. ಬೇಡಿಕೆ ಇದೆ, ಬೆಲೆ ಏರುತ್ತೆ.

ಲೆಕ್ಕಿಗ:
ಮೊದಲು ಅಂಕಿ ನೋಡೋಣ, ಆಮೇಲೆ ಜಗಳ. ಯುನೈಟೆಡ್‌ನ 2023-24ರ ಲೆಕ್ಕಪತ್ರ ಯಾರು ಬೇಕಾದರೂ ಓದಬಹುದು. ಒಟ್ಟು ಆದಾಯ 66.18 ಕೋಟಿ ಪೌಂಡ್. ಪ್ರಾಯೋಜಕರು, ಜೆರ್ಸಿ, ಇತರ ವ್ಯಾಪಾರ ಸೇರಿ 30.29 ಕೋಟಿ. ಟಿವಿಯಿಂದ 22.18 ಕೋಟಿ. ಪಂದ್ಯದ ದಿನದ ಗಳಿಕೆ 13.71 ಕೋಟಿ. ಅಂದರೆ ಐದರಲ್ಲಿ ಒಂದು ಪಾಲು. ಆ ಪಾಲಿನಲ್ಲೂ ಗಾಜಿನ ಕೋಣೆಯಲ್ಲಿ ಕೂತು ಊಟ ಮಾಡುತ್ತಾ ಆಟ ನೋಡುವ ಕಂಪನಿ ಅತಿಥಿಗಳ ದುಡ್ಡು ಸೇರಿದೆ. ಇನ್ನು ಖರ್ಚಿನ ಕಡೆ ಬನ್ನಿ. ಸಂಬಳದ ಬಿಲ್ಲೇ 36.47 ಕೋಟಿ. ವರ್ಷದ ಕೊನೆಗೆ ನಷ್ಟ 11.32 ಕೋಟಿ.

ಈಗ ಆ 66 ಪೌಂಡ್. ಸೀಸನ್ ಟಿಕೆಟ್ ಇದ್ದವರಿಗೆ ಆಗ ಇದು ತಟ್ಟಲಿಲ್ಲ. ಪಂದ್ಯದಿಂದ ಪಂದ್ಯಕ್ಕೆ ಉಳಿದ ಸೀಟು ಕೊಳ್ಳುವ ಸದಸ್ಯರಿಗೆ ಮಾತ್ರ ತಟ್ಟಿತು. ಅಂಥ ಸೀಟು ಪಂದ್ಯಕ್ಕೆ 3,000 ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯೋಣ. ಒಂದಕ್ಕೆ 26 ಪೌಂಡ್ ಜಾಸ್ತಿ. ಪಂದ್ಯಕ್ಕೆ 78,000. ಹತ್ತು ಪಂದ್ಯಕ್ಕೆ 7.8 ಲಕ್ಷ ಪೌಂಡ್. ಅದೇ ಸೀಸನ್‌ನಲ್ಲಿ ಕೋಚ್ ಎರಿಕ್ ಟೆನ್ ಹಾಗ್ ಮತ್ತವರ ತಂಡ, ಜೊತೆಗೆ ಸ್ಪೋರ್ಟಿಂಗ್ ಡೈರೆಕ್ಟರ್ ಡ್ಯಾನ್ ಆ್ಯಶ್‌ವರ್ತ್, ಇವರನ್ನೆಲ್ಲ ಮನೆಗೆ ಕಳಿಸಲು ಆದ ಖರ್ಚು 1.45 ಕೋಟಿ ಪೌಂಡ್. ಟೆನ್ ಹಾಗ್ ಒಪ್ಪಂದವನ್ನು ಜುಲೈನಲ್ಲಿ ವಿಸ್ತರಿಸಿ ಅಕ್ಟೋಬರ್‌ನಲ್ಲಿ ಕಿತ್ತುಹಾಕಿದ್ದರು. ಆ ಒಂದು ಎಡವಟ್ಟಿನ ಖರ್ಚು ತೀರಿಸಲು ಈ ಹೆಚ್ಚುವರಿ ಟಿಕೆಟ್ ದುಡ್ಡನ್ನು ಎಷ್ಟು ವರ್ಷ ಕೂಡಿಡಬೇಕು, ನೀವೇ ಭಾಗಿಸಿ ನೋಡಿ.

ಕೊನೇ ಸಾಲು:
ಇದನ್ನೇ ನಾನು ಕೇಳಿದ್ದು. ಹೊರೆ ಯಾರದ್ದು, ಬಿಲ್ ಯಾರಿಗೆ!

ಆಫ್‌ಸೈಡ್:
ಲೆಕ್ಕ ಒಪ್ಪಿದೆ. ಆದರೆ ಐದರಲ್ಲಿ ಒಂದು ಪಾಲು ಅಂದರೆ ಸಣ್ಣದಲ್ಲ. ಟಿವಿ ದುಡ್ಡು ಲೀಗ್ ತೀರ್ಮಾನಿಸುತ್ತೆ. ಪ್ರಾಯೋಜಕರ ಜೊತೆ ಹಲವು ವರ್ಷಗಳ ಒಪ್ಪಂದ ಇರುತ್ತೆ. ಸಂಬಳವೂ ಒಪ್ಪಂದದಲ್ಲಿ ಬರೆದದ್ದು. ಕ್ಲಬ್ ತಾನೇ ನಾಳೆ ಬೆಳಿಗ್ಗೆ ಬದಲಿಸಬಹುದಾದ ಬೆಲೆ ಒಂದೇ, ಟಿಕೆಟ್. ಅದಕ್ಕೇ ಎಲ್ಲ ಆಡಳಿತಗಳೂ ಮೊದಲು ಅದರ ಮೇಲೆ ಕೈ ಇಡೋದು. ದುಷ್ಟತನ ಅಲ್ಲ, ಅನಿವಾರ್ಯತೆ.

ಹಳೇ ಜೆರ್ಸಿ:
ಅನಿವಾರ್ಯತೆ ಅಂತೆ! 2005ರಲ್ಲಿ ಗ್ಲೇಜರ್ ಕುಟುಂಬ ಆ ಕ್ಲಬ್ ಕೊಂಡದ್ದು ಸುಮಾರು 79 ಕೋಟಿ ಪೌಂಡ್‌ಗೆ. ಅದರಲ್ಲಿ ದೊಡ್ಡ ಪಾಲು ಸಾಲ. ಆ ಸಾಲ ಹೊತ್ತದ್ದು ಕೊಂಡವರಲ್ಲ, ಕ್ಲಬ್. ಅಲ್ಲಿಯವರೆಗೆ ಸಾಲವಿಲ್ಲದೆ ನಡೆಯುತ್ತಿದ್ದ ಸಂಸ್ಥೆ ಅವತ್ತಿನಿಂದ ಬಡ್ಡಿ ಕಟ್ಟುತ್ತಲೇ ಇದೆ. ಬೇಸತ್ತ ಕೆಲವು ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಬಡ್ಡಿಯ ಸಾಲು ಬಿಟ್ಟು ಟಿಕೆಟ್ ಸಾಲು ಮಾತ್ರ ಓದಿದರೆ ಅನಿವಾರ್ಯ ಅನ್ನಿಸೋದು ಸಹಜ.

ತೊಂಬತ್ತನೇ ನಿಮಿಷ:
ಅಭಿಮಾನಿಗಳು ಕೂಗಿದರೆ ಏನೂ ಆಗಲ್ಲ ಅನ್ನುವವರಿಗೆ ಒಂದು ಹಳೇ ಕತೆ. 2016ರ ಫೆಬ್ರವರಿ, ಲಿವರ್‌ಪೂಲ್‌ನ ಸ್ಟೇಡಿಯಂ ಆ್ಯನ್‌ಫೀಲ್ಡ್. ಲಿವರ್‌ಪೂಲ್ ಹೊಸ ಸ್ಟ್ಯಾಂಡ್‌ನಲ್ಲಿ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಇಡುವುದಾಗಿ ಹೇಳಿತ್ತು. ಸಂಡರ್‌ಲ್ಯಾಂಡ್ ವಿರುದ್ಧ ತಂಡ 2-0 ಮುಂದಿತ್ತು. 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಗೆಲ್ಲುತ್ತಿರುವ ತಂಡವನ್ನು ಬಿಟ್ಟು ಹೊರಗೆ! ಆಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಪಂದ್ಯ 2-2 ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ 77 ಪೌಂಡ್ ಟಿಕೆಟ್ ಕೈಬಿಟ್ಟರು, ಎರಡು ಸೀಸನ್ ದರ ಏರಿಸಲಿಲ್ಲ. ಎದುರಾಳಿ ಊರಿಗೆ ಹೋಗುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಬಂದದ್ದೂ ಅದೇ ವರ್ಷ. ಖಾಲಿ ಗ್ಯಾಲರಿ ಟಿವಿಯಲ್ಲಿ ಚೆನ್ನಾಗಿ ಕಾಣಲ್ಲ. ಟಿವಿಯವರು ದುಡ್ಡು ಕೊಡುವುದು ಆ ಗದ್ದಲಕ್ಕೂ ಸೇರಿಸಿಯೇ ಅಲ್ವಾ?

ಎಡಗಾಲು:
ಒಳ್ಳೇ ಮಾತು. 2025ರಿಂದ ಇಂಗ್ಲೆಂಡ್‌ನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ನ ಬ್ರಿಟನ್ ಟಿವಿ ಹಕ್ಕು ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡ್. ಸ್ಟೇಡಿಯಂನಲ್ಲಿ ಸದ್ದೇ ಇಲ್ಲದಿದ್ದರೆ ಅದನ್ನು ಯಾರು ಕೊಳ್ಳುತ್ತಾರೆ? ಕೊರೊನಾ ಕಾಲದ ಖಾಲಿ ಪಂದ್ಯಗಳನ್ನು ನೆನಪಿಸಿಕೊಳ್ಳಿ. ರೆಕಾರ್ಡ್ ಮಾಡಿದ ಚಪ್ಪಾಳೆ ಹಾಕುತ್ತಿದ್ದರು.

ಆಫ್‌ಸೈಡ್:
ಸರಿ, ಹಾಗಾದರೆ ಟಿಕೆಟ್ ಬೇಡ. ದುಡ್ಡು ಎಲ್ಲಿಂದ ತರಬೇಕು ಹೇಳಿ. ಆಟಗಾರರನ್ನು ಮಾರಬೇಕು. ಮಾರಿದರೆ ಮತ್ತೆ ನೀವೇ ಅಳುತ್ತೀರಿ.

ಲೆಕ್ಕಿಗ:
ಅಳುವುದು ಮಾರಿದ್ದಕ್ಕಲ್ಲ, ಯಾರನ್ನು ಮಾರುತ್ತಾರೆ ಅನ್ನೋದಕ್ಕೆ. ಇಲ್ಲಿ ಲೆಕ್ಕಪತ್ರದ ಒಂದು ಕೈಚಳಕ ಇದೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಒಬ್ಬ ಆಟಗಾರನನ್ನು 10 ಕೋಟಿ ಪೌಂಡ್‌ಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿದಿರಿ ಅನ್ನಿ. ಪುಸ್ತಕದಲ್ಲಿ ಆ ಖರ್ಚು ಒಂದೇ ಸಲ ಬರಲ್ಲ. ವರ್ಷಕ್ಕೆ 2 ಕೋಟಿಯಂತೆ ಹಂಚಿಹೋಗುತ್ತೆ. ಎಂಟು ವರ್ಷದ ಒಪ್ಪಂದವಾದರೆ ವರ್ಷಕ್ಕೆ ಬರೀ 1.25 ಕೋಟಿ. ಚೆಲ್ಸಿ ಇದನ್ನೇ ಮಾಡಿತು. 2023ರ ಜನವರಿಯಲ್ಲಿ ಎನ್ಜೊ ಫರ್ನಾಂಡಿಸ್‌ನನ್ನು 10.68 ಕೋಟಿ ಪೌಂಡ್‌ಗೆ ತಂದು 2031ರವರೆಗೆ ಒಪ್ಪಂದ ಬರೆಯಿತು. ಇದನ್ನು ನೋಡಿ ಅದೇ ವರ್ಷ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್, ಒಪ್ಪಂದ ಎಷ್ಟೇ ಉದ್ದವಿರಲಿ ಖರ್ಚನ್ನು ಐದು ವರ್ಷಕ್ಕಿಂತ ಹೆಚ್ಚು ಎಳೆಯುವಂತಿಲ್ಲ ಅಂತ ನಿಯಮ ತಂದವು.

ಈಗ ಮಾರಾಟದ ಕಡೆ. ಕೊಂಡ ಆಟಗಾರನನ್ನು ಮಾರಿದರೆ, ಬಂದ ಬೆಲೆಯಲ್ಲಿ ಪುಸ್ತಕದಲ್ಲಿ ಇನ್ನೂ ಉಳಿದ ಮೊತ್ತ ಕಳೆದು ಮಿಕ್ಕಿದ್ದು ಮಾತ್ರ ಲಾಭ. ಆದರೆ ಕ್ಲಬ್‌ನದ್ದೇ ತರಬೇತಿ ಶಾಲೆಯಾದ ಅಕಾಡೆಮಿಯಲ್ಲಿ ಬೆಳೆದ ಹುಡುಗನ ಕೊಂಡ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ, ಅದೂ ಅದೇ ವರ್ಷದ ಪುಸ್ತಕಕ್ಕೆ. ಅದಕ್ಕೇ ಚೆಲ್ಸಿಯಲ್ಲಿ ಆರನೇ ವಯಸ್ಸಿನಿಂದ ಇದ್ದ ಮೇಸನ್ ಮೌಂಟ್ 2023ರಲ್ಲಿ ಯುನೈಟೆಡ್‌ಗೆ ಹೋದ. ಹಿಂದಿನ ಸೀಸನ್‌ನಲ್ಲಿ ಎಷ್ಟೋ ಪಂದ್ಯಗಳಿಗೆ ನಾಯಕನಾಗಿದ್ದ ಕಾನರ್ ಗ್ಯಾಲಗರ್ 2024ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ. ಅಭಿಮಾನಿಗಳು ಯಾರನ್ನು ನಮ್ಮ ಹುಡುಗ ಅಂತ ಎದೆಗಪ್ಪಿಕೊಂಡಿರುತ್ತಾರೋ, ಲೆಕ್ಕಪತ್ರಕ್ಕೆ ಅವನೇ ಅತಿ ರುಚಿ.

ಕೊನೇ ಸಾಲು:
ಇದು ಓದಿ ಹೊಟ್ಟೆ ಉರಿಯುತ್ತೆ.

ಎಡಗಾಲು:
ಇನ್ನೂ ಇದೆ. ಪ್ರೀಮಿಯರ್ ಲೀಗ್ ಕ್ಲಬ್‌ಗಳ ಲೆಕ್ಕದ ವರ್ಷ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತೆ. 2024ರ ಜೂನ್ ಕೊನೇ ವಾರ ನೋಡಬೇಕಿತ್ತು. ನ್ಯೂಕ್ಯಾಸಲ್ ತನ್ನ ಸ್ವಂತ ಊರಿನ ಕಡೆಯ ಹುಡುಗ ಎಲಿಯಟ್ ಆ್ಯಂಡರ್‌ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿತು. ಮಾರಲೇಬೇಕಿತ್ತು, ಇಲ್ಲದಿದ್ದರೆ ಲೀಗ್ ಹಾಕಿದ ನಷ್ಟದ ಮಿತಿ ಮೀರಿ ಅಂಕ ಕಡಿತದ ಭಯ. ಮರುವರ್ಷ ಅದೇ ಹುಡುಗ ಇಂಗ್ಲೆಂಡ್ ತಂಡಕ್ಕೆ ಆಡಿದ. ಆಸ್ಟನ್ ವಿಲ್ಲಾ ಮತ್ತು ಎವರ್ಟನ್ ಅಂತೂ ತಮ್ಮ ತಮ್ಮ ಹುಡುಗರನ್ನು ಒಬ್ಬರಿಗೊಬ್ಬರು ಮಾರಿಕೊಂಡವು. ಟಿಮ್ ಇರೋಗ್ಬುನಮ್ ಆ ಕಡೆ, ಲೂಯಿಸ್ ಡಾಬಿನ್ ಈ ಕಡೆ. ಇಬ್ಬರ ಪುಸ್ತಕದಲ್ಲೂ ಲಾಭ!

ಹುಡುಗರ ಬದುಕಿನ ದೃಷ್ಟಿಯಿಂದ ಯೋಚಿಸಿ. ಇಪ್ಪತ್ತು, ಇಪ್ಪತ್ತೊಂದು ವಯಸ್ಸು. ಹೊಸ ಕೋಚ್‌ಗೆ ಇವನು ಬೇಕಾ ಬೇಡವಾ, ಯಾರಿಗೂ ಖಾತ್ರಿ ಇಲ್ಲ. ಜೂನ್ 30 ಹತ್ತಿರ ಬಂತು, ಹೋಗು ಅಂದರು, ಹೋದ.

ಆಫ್‌ಸೈಡ್:
ನಿಯಮ ಇರುವುದೇ ಹಾಸಿಗೆ ಇದ್ದಷ್ಟು ಕಾಲು ಚಾಚಲಿ ಅಂತ. ಆಗ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಲು ಬಿಟ್ಟಿದ್ದರು. ಅಷ್ಟು ಸಾಲದಿತ್ತಾ? ಎವರ್ಟನ್ ಮೀರಿತು. 2023ರ ನವೆಂಬರ್‌ನಲ್ಲಿ 10 ಅಂಕ ಹೋಯಿತು, ಮೇಲ್ಮನವಿಯಲ್ಲಿ 6ಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಪ್ರಕರಣಕ್ಕೆ ಮತ್ತೆ 2. ಫಾರೆಸ್ಟ್‌ಗೆ 4. ತಪ್ಪು ಮಾಡಿದರು, ತೆತ್ತರು.

ಲೆಕ್ಕಿಗ:
ಫಾರೆಸ್ಟ್ ಪ್ರಕರಣ ನೀವು ಹೇಳಿದಷ್ಟು ಸರಳ ಇಲ್ಲ. ಅವರ ಮಿತಿ 6.1 ಕೋಟಿ ಇತ್ತು, ಯಾಕೆಂದರೆ ಮೂರರಲ್ಲಿ ಎರಡು ವರ್ಷ ಕೆಳಗಿನ ಡಿವಿಷನ್‌ನಲ್ಲಿದ್ದರು. ಅದನ್ನು 3.45 ಕೋಟಿ ಮೀರಿದರು. ಅವರ ಕೈಯಲ್ಲಿ ಬ್ರೆನನ್ ಜಾನ್ಸನ್ ಇದ್ದ, ಎಂಟನೇ ವಯಸ್ಸಿನಿಂದ ಅಲ್ಲೇ ಬೆಳೆದವನು. ಜೂನ್ 30ರೊಳಗೆ ಮಾರಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆಗ ಬಂದ ಬೆಲೆ ಕಡಿಮೆ ಅಂತ ಕಾದರು. ಸೆಪ್ಟೆಂಬರ್ ಒಂದಕ್ಕೆ ಟಾಟೆನ್‌ಹ್ಯಾಮ್ 4.75 ಕೋಟಿ ಕೊಟ್ಟಿತು. ವ್ಯಾಪಾರವಾಗಿ ನೋಡಿದರೆ ಜಾಣತನ. ನಿಯಮದ ಪ್ರಕಾರ ಅಪರಾಧ, ಎರಡು ತಿಂಗಳು ತಡ. ಬೇಗ ಅಗ್ಗಕ್ಕೆ ಮಾರಿದ್ದರೆ ಶಿಕ್ಷೆ ಇಲ್ಲ, ಕಾದು ಒಳ್ಳೇ ಬೆಲೆಗೆ ಮಾರಿದರೆ ನಾಲ್ಕು ಅಂಕ ಕಡಿತ. ಆಮೇಲೆ 2025ರ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟೆನ್‌ಹ್ಯಾಮ್ ಗೆದ್ದ ಒಂದೇ ಗೋಲು ಅದೇ ಜಾನ್ಸನ್‌ನದ್ದು.

ತೊಂಬತ್ತನೇ ನಿಮಿಷ:
ಅವತ್ತು ಸೋತದ್ದು ಯಾರು ಅಂತಲೂ ಹೇಳಿ, ಮೇಲೆ 66 ಪೌಂಡ್ ಟಿಕೆಟ್ ಮಾರಿದವರು. :)

ಹಳೇ ಜೆರ್ಸಿ:
ನೀವೆಲ್ಲ ಮೇಲಿನ ಇಪ್ಪತ್ತು ಕ್ಲಬ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಿಜವಾದ ಪಾಠ ಕೆಳಗಿದೆ.

ಲೀಡ್ಸ್ ಯುನೈಟೆಡ್ 2001ರಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿತು. ಅದೇ ವರ್ಷ 6 ಕೋಟಿ ಪೌಂಡ್ ಸಾಲ ಎತ್ತಿತು. ಆಧಾರ ಏನು ಗೊತ್ತಾ? ಮುಂದಿನ 25 ವರ್ಷಗಳ ಟಿಕೆಟ್ ಮಾರಾಟ. ಇನ್ನೂ ಬಿತ್ತದ ಬೆಳೆಯನ್ನು ಒತ್ತೆ ಇಟ್ಟ ಹಾಗೆ. ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ ಅನ್ನುವ ಲೆಕ್ಕಾಚಾರ ಅದು. ಆಡಲಿಲ್ಲ. 2002ರಲ್ಲಿ ರಿಯೊ ಫರ್ಡಿನಾಂಡ್‌ನನ್ನು ಸುಮಾರು 3 ಕೋಟಿಗೆ ಮಾರಿದರು. ಆಮೇಲೆ ಒಬ್ಬೊಬ್ಬರನ್ನೇ. 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದರು, ಸ್ಟೇಡಿಯಂ ಕೂಡ ಮಾರಿದರು. 2007ರಲ್ಲಿ ಮೂರನೇ ದರ್ಜೆ. ಪ್ರೀಮಿಯರ್ ಲೀಗ್‌ಗೆ ಮರಳಿದ್ದು 2020ರಲ್ಲಿ. ಹದಿನಾರು ವರ್ಷ.

ಪೋರ್ಟ್ಸ್‌ಮತ್ 2008ರಲ್ಲಿ ಇಂಗ್ಲೆಂಡ್‌ನ ಹಳೇ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದಿತು. 2010ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಪ್ರೀಮಿಯರ್ ಲೀಗ್‌ನಲ್ಲಿ ಇದ್ದಾಗಲೇ ಹಾಗಾದ ಮೊದಲ ಕ್ಲಬ್. ಬಾಕಿದಾರರ ಪಟ್ಟಿಯಲ್ಲಿ ತೆರಿಗೆ ಇಲಾಖೆ ಇತ್ತು, ಸಣ್ಣಪುಟ್ಟ ವ್ಯಾಪಾರಿಗಳಿದ್ದರು, ಪಂದ್ಯದ ದಿನ ಪ್ರಥಮ ಚಿಕಿತ್ಸೆಗೆ ನಿಲ್ಲುವ ಸೇಂಟ್ ಜಾನ್ ಆ್ಯಂಬುಲೆನ್ಸ್ ಎಂಬ ಸೇವಾ ಸಂಸ್ಥೆಯೂ ಇತ್ತು. ಇಂಗ್ಲೆಂಡ್‌ನ ಫುಟ್‌ಬಾಲ್ ನಿಯಮದಲ್ಲಿ ಆಟಗಾರರು ಮತ್ತು ಬೇರೆ ಕ್ಲಬ್‌ಗಳ ಬಾಕಿ ಪೂರ್ತಿ ತೀರಿಸಬೇಕು. ಉಳಿದವರಿಗೆ ಚೂರುಪಾರು. ಸ್ಟ್ರೆಚರ್ ಹಿಡಿದು ನಿಂತವರು ಸಾಲಿನ ಕೊನೆಗೆ!

2013ರಲ್ಲಿ ಅದನ್ನು ಉಳಿಸಿದ್ದು ಯಾರು? ತಲಾ 1,000 ಪೌಂಡ್ ಷೇರು ಕೊಂಡ ಅಭಿಮಾನಿಗಳು. ಅದೇ ವರ್ಷ ಕ್ಲಬ್ ನಾಲ್ಕನೇ ದರ್ಜೆಗೆ ಬಿತ್ತು.

ಕೊನೇ ಸಾಲು:
ಬರಿ (Bury) ಅನ್ನುವ ಪಟ್ಟಣದ ಬರಿ ಎಫ್‌ಸಿ ಬಗ್ಗೆ ಬರೆಯದೆ ಬಿಟ್ಟಿರಲ್ಲ.

ಹಳೇ ಜೆರ್ಸಿ:
ಬರೆಯಲು ಮನಸ್ಸು ಬರಲಿಲ್ಲ. ಕೇಳಿದ್ದಕ್ಕೆ ಹೇಳುತ್ತೇನೆ. 1885ರಲ್ಲಿ ಹುಟ್ಟಿದ ಕ್ಲಬ್. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದದ್ದು. 2019ರ ವಸಂತದಲ್ಲಿ ಮೇಲಿನ ದರ್ಜೆಗೆ ಬಡ್ತಿ ಸಿಕ್ಕಿತ್ತು. ಆದರೆ ಆಟಗಾರರಿಗೆ ಸಂಬಳ ಸಿಕ್ಕಿರಲಿಲ್ಲ. ಆಗಸ್ಟ್ 27ರಂದು ಬೆಳಿಗ್ಗೆ ನೂರಾರು ಅಭಿಮಾನಿಗಳು ಗಿಗ್ ಲೇನ್ ಸ್ಟೇಡಿಯಂಗೆ ಪೊರಕೆ, ಬಕೆಟ್ ಹಿಡಿದು ಬಂದರು. ಸೀಟು ಒರೆಸಿದರು. ಶನಿವಾರದ ಪಂದ್ಯ ನಡೆಯುತ್ತೆ ಅನ್ನುವ ಆಸೆ. ಅದೇ ದಿನ ಲೀಗ್ ಕ್ಲಬ್ಬನ್ನು ಹೊರಹಾಕಿತು. ಆ ಪಟ್ಟಣದ ತಂಡ ಗಿಗ್ ಲೇನ್‌ನಲ್ಲಿ ಮತ್ತೆ ಆಡಿದ್ದು 2023ರಲ್ಲಿ, ಅದೂ ಎಷ್ಟೋ ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ.

ಬ್ರಿಟನ್ ಸಂಸತ್ತು 2025ರಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ತಂದು ಸ್ವತಂತ್ರ ನಿಯಂತ್ರಕರನ್ನು ನೇಮಿಸುವಂತೆ ಮಾಡಿದ್ದರ ಹಿಂದೆ ಬರಿ ಎಫ್‌ಸಿಯ ನೆನಪು ಇದೆ. ಕ್ಲಬ್ ಕೊಳ್ಳಲು ಬರುವವರ ಹಣ ಎಲ್ಲಿಂದ ಬರುತ್ತೆ ಅಂತ ಕೇಳುವ ಅಧಿಕಾರ ಈಗ ಲೀಗ್‌ನ ಹೊರಗಿನವರಿಗೂ ಸಿಕ್ಕಿದೆ. ನೋಡೋಣ.

ತೊಂಬತ್ತನೇ ನಿಮಿಷ:
ಇದಕ್ಕೇ ನಾನು ಜರ್ಮನಿ ಜರ್ಮನಿ ಅನ್ನೋದು. 1998ರಿಂದ ಅಲ್ಲಿ 50+1 ನಿಯಮ. ಹೊರಗಿನ ಹೂಡಿಕೆದಾರ ಎಷ್ಟೇ ದುಡ್ಡು ಹಾಕಲಿ, ಮತದ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲೇ ಇರಬೇಕು. ಡಾರ್ಟ್‌ಮಂಡ್ ಕ್ಲಬ್‌ನ ಸ್ಟೇಡಿಯಂನ ದಕ್ಷಿಣ ಗ್ಯಾಲರಿಯಲ್ಲಿ 24,000ಕ್ಕೂ ಹೆಚ್ಚು ಜನ ನಿಂತು ನೋಡುತ್ತಾರೆ. ಅಲ್ಲಿ ಸೀಟು ಹಾಕಿ ದರ ಏರಿಸಿದರೆ ಎಷ್ಟು ದುಡ್ಡು ಬರಬಹುದು? ಆದರೂ ಮಾಡಲ್ಲ. ಮಾಡಿದರೆ ಸದಸ್ಯರು ಸುಮ್ಮನಿರಲ್ಲ.

2023ರ ಡಿಸೆಂಬರ್‌ನಲ್ಲಿ ಲೀಗ್‌ನ ಮಾಧ್ಯಮ ಆದಾಯದಲ್ಲಿ ಒಂದು ಪಾಲನ್ನು ಹೂಡಿಕೆದಾರರಿಗೆ ಕೊಡಲು ಕ್ಲಬ್‌ಗಳು ಮತ ಹಾಕಿದವು. ಅಭಿಮಾನಿಗಳು ಏನು ಮಾಡಿದರು? ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು. ಚಾಕೊಲೇಟ್ ನಾಣ್ಯ ಎಸೆದರು. ರಿಮೋಟ್ ಕಾರುಗಳನ್ನು ಒಳಗೆ ಬಿಟ್ಟರು. ಪಂದ್ಯ ನಿಲ್ಲುವುದು, ಚೆಂಡು ಆರಿಸುವುದು, ಮತ್ತೆ ಶುರು. 2024ರ ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಆಫ್‌ಸೈಡ್:
ಜರ್ಮನಿ ಸ್ವರ್ಗ ಅಂತ ಮಾತಾಡುವವರು ಎರಡು ವಿಷಯ ನುಂಗಿಬಿಡುತ್ತಾರೆ. ಒಂದು, 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯರ್ನ್ ಮ್ಯೂನಿಕ್ ಒಂದೇ ಲೀಗ್ ಗೆದ್ದದ್ದು. ಎರಡು, 50+1 ಇದ್ದಾಗಲೇ ಇದೇ ಡಾರ್ಟ್‌ಮಂಡ್ 2005ರಲ್ಲಿ ದಿವಾಳಿ ಅಂಚಿಗೆ ಹೋಗಿತ್ತು. ಅದಕ್ಕೂ ಸ್ವಲ್ಪ ಮೊದಲು ಬಯರ್ನ್ ಅವರಿಗೆ 20 ಲಕ್ಷ ಯೂರೊ ಕೈಸಾಲ ಕೊಟ್ಟಿತ್ತು. ಶಾಲ್ಕೆ ಸದಸ್ಯರದ್ದೇ ಕ್ಲಬ್, ಆದರೂ ಸಾಲದಲ್ಲಿ ಮುಳುಗಿ 2021ರಲ್ಲಿ ಕೆಳಗಿಳಿಯಿತು. ಸದಸ್ಯರ ಮತ ಇದ್ದ ಮಾತ್ರಕ್ಕೆ ಕೆಟ್ಟ ಖರೀದಿ ಒಳ್ಳೆಯದಾಗಲ್ಲ.

ತೊಂಬತ್ತನೇ ನಿಮಿಷ:
ಅದು ನಿಜ. 50+1 ದಡ್ಡತನಕ್ಕೆ ಔಷಧಿ ಅಲ್ಲ. ಆದರೆ ದಡ್ಡತನದ ಬಿಲ್ಲನ್ನು ಯಾರಿಗೆ ಕಳಿಸಬೇಕು ಅನ್ನೋ ತೀರ್ಮಾನದಲ್ಲಿ ಬಿಲ್ ಕಟ್ಟುವವರಿಗೂ ಒಂದು ಕೈ ಇರುತ್ತೆ. ವ್ಯತ್ಯಾಸ ಅಷ್ಟೇ, ನನಗೆ ಅಷ್ಟು ಸಾಕು.

ಲೆಕ್ಕಿಗ:
ಸದಸ್ಯರ ಕ್ಲಬ್ ಅಂದಾಗ ಸ್ಪೇನ್‌ನ ಬಾರ್ಸಿಲೋನಾ ಮರೆಯಬೇಡಿ. 2021ರಲ್ಲಿ ಸಾಲ 135 ಕೋಟಿ ಯೂರೊ ಅಂತ ಅಧ್ಯಕ್ಷ ಲಾಪೋರ್ಟಾ ಅವರೇ ಹೇಳಿದರು. ಸಂಬಳ ಆದಾಯವನ್ನೇ ಮೀರಿತ್ತು. ಮೆಸ್ಸಿ ಸಂಬಳ ಅರ್ಧ ಮಾಡಿಕೊಳ್ಳಲು ಒಪ್ಪಿದರೂ ಲೀಗ್ ನಿಯಮದಲ್ಲಿ ನೋಂದಾಯಿಸಲು ಆಗಲಿಲ್ಲ. ಮರುವರ್ಷ ಸ್ಪೇನ್‌ನ ಅಗ್ರ ಲೀಗ್ ಲಾ ಲಿಗಾದ ಟಿವಿ ಆದಾಯದ ಕಾಲು ಭಾಗವನ್ನು 25 ವರ್ಷಕ್ಕೆ ಮಾರಿ ಹೊಸ ಆಟಗಾರರನ್ನು ತಂದರು. ಲೀಡ್ಸ್ ಮಾಡಿದ್ದಕ್ಕೂ ಇದಕ್ಕೂ ಅವಧಿ ಕೂಡ ಒಂದೇ ನೋಡಿ. ಇವರ ಹೆಸರು ದೊಡ್ಡದು, ಆದಾಯ ದೊಡ್ಡದು, ಆದ್ದರಿಂದ ಬಿದ್ದಿಲ್ಲ.

ಆಫ್‌ಸೈಡ್:
ಒಂದು ಮಾತು ಯಾರೂ ಹೇಳ್ತಿಲ್ಲ. ಈ ಎಲ್ಲ ದುಡ್ಡೂ ಕೊನೆಗೆ ಹೋಗುವುದು ಆಟಗಾರರಿಗೆ. ಸಂಬಳ ಇಳಿಸಿ ಅಂತ ಒಬ್ಬರೂ ಕೇಳಲ್ಲ.

ಎಡಗಾಲು:
ಯಾವ ಆಟಗಾರರಿಗೆ? ಅದನ್ನು ಬಿಡಿಸಿ ಹೇಳಿ.

ಬಾಸ್ಮನ್ ತೀರ್ಪು ಬರುವವರೆಗೆ ಒಪ್ಪಂದ ಮುಗಿದರೂ ಆಟಗಾರ ಬಿಡುಗಡೆ ಆಗುತ್ತಿರಲಿಲ್ಲ. ಜೀನ್ ಮಾರ್ಕ್ ಬಾಸ್ಮನ್ ಬೆಲ್ಜಿಯಂನ ಲೀಜ್ ಕ್ಲಬ್‌ನಲ್ಲಿದ್ದರು. ಒಪ್ಪಂದ ಮುಗಿಯಿತು. ಕ್ಲಬ್ ಕೊಡಲು ಬಂದ ಹೊಸ ಸಂಬಳ ಹಳೆಯದರ ಕಾಲು ಭಾಗ. ಫ್ರಾನ್ಸ್‌ನ ಡನ್‌ಕರ್ಕ್‌ಗೆ ಹೋಗಲು ನೋಡಿದರೆ ವರ್ಗಾವಣೆ ಶುಲ್ಕ ಕೊಡದೆ ಬಿಡಲ್ಲ ಅಂದರು. ಅವರು ಕೋರ್ಟ್‌ಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅದರ ಫಲ ಉಂಡವರು ಬೇರೆಯವರು. 2024ರಲ್ಲಿ ಎಂಬಾಪೆ ಶುಲ್ಕವಿಲ್ಲದೆ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಸಹಿ ಹಾಕಿದ್ದಕ್ಕೇ ದೊಡ್ಡ ಬೋನಸ್ ಪಡೆದ. ಬಾಸ್ಮನ್ ಮಾತ್ರ ಕೇಸು ಮುಗಿಯುವಷ್ಟರಲ್ಲಿ ಆಟ ಕಳೆದುಕೊಂಡಿದ್ದರು. ಆಮೇಲೆ ಕುಡಿತ, ಬಡತನ.

ಇನ್ನೊಂದು ತುದಿಯಲ್ಲಿ ಜೇಮಿ ವಾರ್ಡಿ. ಹದಿನಾರಕ್ಕೆ ಶೆಫೀಲ್ಡ್ ವೆನ್ಸ್‌ಡೇ ಕೈಬಿಟ್ಟಿತು. ಸ್ಟಾಕ್ಸ್‌ಬ್ರಿಜ್ ಅನ್ನುವ ಪುಟ್ಟ ಕ್ಲಬ್‌ನಲ್ಲಿ ವಾರಕ್ಕೆ 30 ಪೌಂಡ್. ಹಗಲು ಕಾರ್ಖಾನೆಯಲ್ಲಿ ಮುರಿದ ಕೈಕಾಲಿಗೆ ಕಟ್ಟುವ ಸ್ಪ್ಲಿಂಟ್ ತಯಾರಿಸುವ ಕೆಲಸ. 2012ರಲ್ಲಿ ಲೆಸ್ಟರ್ 10 ಲಕ್ಷ ಪೌಂಡ್ ಕೊಟ್ಟು ತಂದಿತು, 2016ರಲ್ಲಿ ಲೀಗ್ ಚಾಂಪಿಯನ್. ಎಲ್ಲರೂ ಈ ಕತೆ ಹೇಳುತ್ತಾರೆ. ಅವನ ಜೊತೆ ಕೈಬಿಟ್ಟ ಉಳಿದ ಹದಿನಾರು ವಯಸ್ಸಿನವರ ಕತೆ ಯಾರೂ ಹೇಳಲ್ಲ. ಬರಿ ಎಫ್‌ಸಿಯ ಆಟಗಾರರಿಗೆ ಬಡ್ತಿ ಸಿಕ್ಕಿದ ತಿಂಗಳೇ ಸಂಬಳ ಇರಲಿಲ್ಲ ಅನ್ನೋದನ್ನೂ ಇಲ್ಲಿಗೆ ಸೇರಿಸಿ ಓದಿ.

ಲೆಕ್ಕಿಗ:
ಸಣ್ಣ ಕ್ಲಬ್‌ಗಳಿಗೆ ಒಂದು ದಾರಿ ಇದೆ, ಜನಕ್ಕೆ ಅಷ್ಟು ಗೊತ್ತಿಲ್ಲ. ಫಿಫಾ ನಿಯಮದಲ್ಲಿ ಅಂತರರಾಷ್ಟ್ರೀಯ ವರ್ಗಾವಣೆ ಶುಲ್ಕದ 5% ಪಾಲು ಆ ಆಟಗಾರನನ್ನು 12ರಿಂದ 23 ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹೋಗಬೇಕು. 10 ಕೋಟಿ ಯೂರೊ ವರ್ಗಾವಣೆ ಅನ್ನಿ. ಹನ್ನೆರಡರಿಂದ ಹದಿನೈದರವರೆಗಿನ ಒಂದೊಂದು ವರ್ಷಕ್ಕೆ 2.5 ಲಕ್ಷ, ಆಮೇಲಿನ ಒಂದೊಂದು ವರ್ಷಕ್ಕೆ 5 ಲಕ್ಷ ಯೂರೊ. ಹಳ್ಳಿ ಮೈದಾನದಲ್ಲಿ ಎರಡು ವರ್ಷ ಆಡಿಸಿದ ಕ್ಲಬ್‌ಗೆ 5 ಲಕ್ಷ ಅಂದರೆ ಹೊಸ ಡ್ರೆಸಿಂಗ್ ರೂಮ್ ಬಂದ ಹಾಗೆ. ಈ 5% ಯಾಕೆ 10% ಆಗಬಾರದು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ದೊಡ್ಡ ಕ್ಲಬ್‌ಗಳಿಗೆ ಅದು ಗೊತ್ತಾಗುವುದೂ ಇಲ್ಲ.

ಹಳೇ ಜೆರ್ಸಿ:
ಟಿಕೆಟ್, ಸಾಲ, ಆಟಗಾರ ಮೂರೂ ಒಂದೇ ಕತೆಯಲ್ಲಿ ಸಿಗಬೇಕು ಅಂದರೆ ಸ್ಪೇನ್‌ನ ರಿಯಲ್ ಒವಿಯೆಡೊ ಕ್ಲಬ್‌ನ ಕತೆ ಓದಿ.

ಸಾಂಟಿ ಕಸೋರ್ಲಾ ಅಲ್ಲಿನ ಯುವ ತಂಡದಲ್ಲಿ ಬೆಳೆದವನು. 2003ರಲ್ಲಿ ಕ್ಲಬ್ ಸಂಬಳ ಕೊಡಲಾಗದೆ ಎರಡು ದರ್ಜೆ ಕೆಳಕ್ಕೆ ಬಿತ್ತು. ಹುಡುಗ ವಿಯ್ಯಾರಿಯಲ್‌ಗೆ ಹೋದ, ಮುಂದೆ ಆರ್ಸೆನಲ್, ಸ್ಪೇನ್ ತಂಡ. 2012ರಲ್ಲಿ ಒವಿಯೆಡೊ ಮುಚ್ಚುವ ಹಂತಕ್ಕೆ ಬಂತು. ಷೇರು ಮಾರಾಟಕ್ಕಿಟ್ಟರು, ಒಂದಕ್ಕೆ ಹತ್ತು ಯೂರೊ ಚಿಲ್ಲರೆ. ಹಲವು ದೇಶಗಳಿಂದ ಸಾವಿರಾರು ಜನ ಕೊಂಡರು. ಆ ಕ್ಲಬ್‌ನಿಂದ ಬಂದ ಕಸೋರ್ಲಾ, ಮಾಟಾ, ಮಿಚು ಕೂಡ ಕೊಂಡರು. ಕೊನೆಗೆ ಮೆಕ್ಸಿಕೊದ ಕಾರ್ಲೊಸ್ ಸ್ಲಿಮ್ ಅವರ ಗ್ರೂಪ್ ದೊಡ್ಡ ಪಾಲು ಹಾಕಿತು. ಕ್ಲಬ್ ಉಳಿಯಿತು.

ಅಷ್ಟರಲ್ಲಿ ಕಸೋರ್ಲಾನ ಕಾಲು ಹಾಳಾಯಿತು. ಪಾದದ ಗಾಯಕ್ಕೆ ಸೋಂಕು ತಗುಲಿ ಹಿಮ್ಮಡಿಯ ಸ್ನಾಯುರಜ್ಜು ಸೆಂಟಿಮೀಟರ್‌ಗಟ್ಟಲೆ ಕೊಳೆತುಹೋಯಿತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ. ತೋಳಿನ ಚರ್ಮ ತೆಗೆದು ಹಿಮ್ಮಡಿಗೆ ಹಾಕಿದರು. ಆ ಚರ್ಮದಲ್ಲಿ ಮಗಳ ಹೆಸರಿನ ಹಚ್ಚೆ ಇತ್ತು. ಹೆಸರಿನ ಅರ್ಧ ಈಗ ತೋಳಲ್ಲಿ, ಅರ್ಧ ಕಾಲಲ್ಲಿ. ಮಗನ ಜೊತೆ ತೋಟದಲ್ಲಿ ನಡೆದಾಡಿದರೆ ಅದೇ ದೊಡ್ಡದು ಅಂತ ವೈದ್ಯರು ಹೇಳಿದ್ದರು.

2023ರಲ್ಲಿ ಅವನು ಒವಿಯೆಡೊಗೆ ವಾಪಸ್ ಬಂದ. ಲೀಗ್ ಒಪ್ಪುವ ಕನಿಷ್ಠ ಸಂಬಳ ಸಾಕು ಅಂದ. ತನ್ನ ಜೆರ್ಸಿ ಮಾರಾಟದ 10% ಅಕಾಡೆಮಿಗೆ ಹೋಗಲಿ ಅಂದ. 2025ರ ಜೂನ್‌ನಲ್ಲಿ ಬಡ್ತಿಯ ಫೈನಲ್‌ನಲ್ಲಿ ಮಿರಾಂಡೆಸ್ ವಿರುದ್ಧ ಮೊದಲ ಪಂದ್ಯ 1-0 ಸೋತಿದ್ದರು. ಎರಡನೆಯದರಲ್ಲೂ ಹಿಂದೆ ಬಿದ್ದಾಗ ಪೆನಾಲ್ಟಿ ಸಿಕ್ಕಿತು. ನಲವತ್ತು ವರ್ಷದ ಕಸೋರ್ಲಾ ಒದ್ದ, ಗೋಲು. ಹೆಚ್ಚುವರಿ ಸಮಯದಲ್ಲಿ 3-1. 24 ವರ್ಷದ ಮೇಲೆ ಒವಿಯೆಡೊ ಲಾ ಲಿಗಾಗೆ.

ಆಫ್‌ಸೈಡ್:
ಒಳ್ಳೇ ಕತೆ. ಆದರೆ ಕನಿಷ್ಠ ಸಂಬಳ ಸಾಕು ಅನ್ನಲು ಮೊದಲು ಆರ್ಸೆನಲ್ ಸಂಬಳ ಪಡೆದಿರಬೇಕು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಅದನ್ನು ಹೇಳಬೇಡಿ.

ಎಡಗಾಲು:
ಇವತ್ತು ನೀವು ಹೇಳಿದ್ದರಲ್ಲಿ ಇದೊಂದು ಮಾತು ಪೂರ್ತಿ ಒಪ್ಪುತ್ತೇನೆ. ಆ ವಯಸ್ಸಿನವನಿಗೆ ನಾಳೆ ಮೊಣಕಾಲು ಹೋದರೆ ಉಳಿಯುವುದು ಒಪ್ಪಂದ ಒಂದೇ. ಸಿಕ್ಕಷ್ಟು ತೆಗೆದುಕೊಳ್ಳಲಿ. ಇಳಿಸಬೇಕಾದ್ದು ಅವನ ಸಂಬಳ ಅಲ್ಲ, ಆದಾಯದಲ್ಲಿ ತಂಡದ ಖರ್ಚಿನ ಪಾಲು. ಯುಇಎಫ್‌ಎ ಅದನ್ನು ಹಂತಹಂತವಾಗಿ ಇಳಿಸಿದೆ. 2023-24ರಲ್ಲಿ 90%, ಮರುವರ್ಷ 80%, 2025-26ರಿಂದ 70%. ಸಂಬಳ, ವರ್ಗಾವಣೆ ಖರ್ಚು, ಏಜೆಂಟರ ಕಮಿಷನ್ ಎಲ್ಲ ಅದರೊಳಗೇ ಬರಬೇಕು.

ಕೊನೇ ಸಾಲು:
ಹಾಗಾದರೆ ಆದಾಯ ಜಾಸ್ತಿ ತೋರಿಸಿದರೆ ಖರ್ಚಿಗೂ ಜಾಸ್ತಿ ಜಾಗ. ಆದಾಯ ಜಾಸ್ತಿ ಮಾಡಲು ಮತ್ತೆ ಟಿಕೆಟ್?

ಲೆಕ್ಕಿಗ:
ಹೌದು. ಅಪಾಯ ಅಲ್ಲೇ ಇದೆ. ನೂರು ರೂಪದಲ್ಲಿ ಹೋಟೆಲ್, ಸಂಗೀತ ಕಾರ್ಯಕ್ರಮ, ಕಂಪನಿ ಬಾಕ್ಸ್ ಅಂತ ಹುಡುಕುತ್ತಾರೆ. ಚೆಲ್ಸಿ ತನ್ನ ಎರಡು ಹೋಟೆಲ್‌ಗಳನ್ನು ತನ್ನ ಮಾಲೀಕರದ್ದೇ ಇನ್ನೊಂದು ಕಂಪನಿಗೆ ಮಾರಿ ಲಾಭ ತೋರಿಸಿತು, ಪ್ರೀಮಿಯರ್ ಲೀಗ್ ಅದನ್ನು ಒಪ್ಪಿತು, ಯುಇಎಫ್‌ಎ ಒಪ್ಪಲಿಲ್ಲ. ನನ್ನ ಕೈಯಲ್ಲಿ ಇದ್ದರೆ ಒಂದೇ ಸಾಲು ಸೇರಿಸುತ್ತಿದ್ದೆ: ಮಕ್ಕಳ ಮತ್ತು ನಿವೃತ್ತರ ಟಿಕೆಟ್ ದರ ಸೀಸನ್ ನಡುವೆ ಬದಲಿಸುವಂತಿಲ್ಲ. ಕ್ಲಬ್‌ಗೆ ಆಗುವ ನಷ್ಟ ಎಷ್ಟು ಅಂತ ಮೇಲೆ ಲೆಕ್ಕ ಹಾಕಿ ತೋರಿಸಿದ್ದೇನೆ.

ಆಫ್‌ಸೈಡ್:
ಅದಕ್ಕೆ ನನ್ನ ಓಟೂ ಇದೆ. ಆದರೆ ಬರೆದಿಟ್ಟುಕೊಳ್ಳಿ, ಮುಂದಿನ ವರ್ಗಾವಣೆ ವಿಂಡೋ (ಆಟಗಾರರನ್ನು ಕೊಳ್ಳುವ ಅವಧಿ) ತೆರೆದ ದಿನ ಯಾರನ್ನಾದರೂ ಕೊಳ್ಳಿ ಕೊಳ್ಳಿ ಅಂತ ಮೊದಲು ಬೊಬ್ಬೆ ಹಾಕುವುದು ಈ ಕೊನೇ ಸಾಲಿನವರೇ.

ಕೊನೇ ಸಾಲು:
ಎಡಗಡೆ ಡಿಫೆಂಡರ್ ಒಬ್ಬ ಅಂತೂ ಬೇಕೇ ಬೇಕು. ಅಗ್ಗದವನಾದರೂ ಪರವಾಗಿಲ್ಲ.